ಎದೆಪಟ್ಟಿಯ ಮೇಲಿನ ಅಂಟು

ನಮ್ಮ ಪ್ರೌಢಶಾಲೆ ಇರುವುದು ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿ. ಅಲ್ಲಿ ನಾನು ದೈಹಿಕ ಶಿಕ್ಷಣದ ಟೀಚರು. ಇಪ್ಪತ್ತು ವರ್ಷ ಒಂದು ಸೀಟಿ, ಒಂದು ಸ್ಟಾಪ್‌ವಾಚು ಇಟ್ಟುಕೊಂಡು ಕಾಲ ಹಾಕಿದವಳು. ಒಂದು ಜೂನ್‌ನಲ್ಲಿ ಯಾರೋ ಪುಣ್ಯಾತ್ಮರು ಶಾಲೆಗೆ ಆರು ಎದೆಪಟ್ಟಿ ಕೊಟ್ಟರು. ಎದೆಯ ಕೆಳಗೆ ಸುತ್ತಿ ಕಟ್ಟುವ ಎಲಾಸ್ಟಿಕ್ ಪಟ್ಟಿ, ನಡುವೆ ಒಂದು ಸೆನ್ಸರ್. ಕಟ್ಟಿಕೊಂಡವರ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂಬುದು ನನ್ನ ಫೋನಿನಲ್ಲಿ ಬರುತ್ತಿತ್ತು. ನಾನು ಒಂದು ನೋಟ್‌ಬುಕ್ ತಂದು ಗೆರೆ ಹಾಕಿದೆ. ಇನ್ನು ಮೇಲೆ ನಾನೂ ದೊಡ್ಡ ಕೋಚ್ ಎಂಬ ಜಂಬ ಸ್ವಲ್ಪ ಬಂದಿತ್ತು, ಸುಳ್ಳೇಕೆ.

ಬೆಳಿಗ್ಗೆ ಏಳಕ್ಕೆ ಓಟದ ಹುಡುಗಿಯರು ಮೈದಾನಕ್ಕೆ ಬರುತ್ತಿದ್ದರು. ಹೊಂಗೆಮರದ ಕೆಳಗೆ ಐದು ನಿಮಿಷ ಸುಮ್ಮನೆ ಕೂರಿಸಿ, ಪಟ್ಟಿ ಕಟ್ಟಿಸಿ, ಬಡಿತ ಬರೆದುಕೊಳ್ಳುತ್ತಿದ್ದೆ. ಎಲ್ಲರದೂ ಎಪ್ಪತ್ತರ ಆಸುಪಾಸು. ಅವರಲ್ಲಿ ಒಂಬತ್ತನೇ ತರಗತಿಯ ಒಬ್ಬಳು ಮೂರು ಸಾವಿರ ಮೀಟರಿನಲ್ಲಿ ಉಳಿದವರಿಗಿಂತ ಅರ್ಧ ಸುತ್ತು ಮುಂದಿರುತ್ತಿದ್ದಳು. ಆ ಸಲದ ತಾಲ್ಲೂಕು ಕ್ರೀಡಾಕೂಟದಲ್ಲಿ ಅವಳು ಗೆದ್ದು ಜಿಲ್ಲೆಗೆ ಹೋಗುತ್ತಾಳೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಜೂನ್‌ನಲ್ಲಿ ಅವಳ ಬಡಿತ ಅರವತ್ತಾರು. ಜುಲೈ ನಡುವಿಗೆ ತೊಂಬತ್ತೆಂಟು, ಆಮೇಲೆ ನೂರಾ ನಾಲ್ಕು. ಓಡಿ ಅಲ್ಲ, ಕೂತು. ಎರಡು ಸಲ ಮೈದಾನದ ಅಂಚಿನಲ್ಲಿ ವಾಂತಿ ಮಾಡಿಕೊಂಡಳು.

ಕೇಳಿದರೆ, "ಏನಿಲ್ಲ ಮೇಡಂ, ಸರಿ ಓಯ್ತದೆ" ಅನ್ನುತ್ತಿದ್ದಳು. ಅವಳು ಕಟ್ಟಿದ ಪಟ್ಟಿಯ ಮೇಲೆ ಕಪ್ಪಗೆ ಅಂಟಂಟು ಕೊಳೆ ಹಿಡಿದಿರುತ್ತಿತ್ತು. ಅಷ್ಟು ಬೆಲೆಯ ಸಾಮಾನು, ಕೈ ತೊಳೆದು ಮುಟ್ಟಬಾರದೇ ಎಂದು ಒಂದು ದಿನ ಎಲ್ಲರೆದುರಿಗೆ ಬೈದೆ. ಅವಳು ಲಂಗದಲ್ಲಿ ಒರೆಸಿ ಕೊಟ್ಟಳು.

ಆ ದಿನಗಳಲ್ಲಿ ಫೋನ್ ತೆರೆದರೆ ಸಾಕು, ಆಡುತ್ತಾ ಆಡುತ್ತಾ ಕುಸಿದ ಚಿಕ್ಕ ವಯಸ್ಸಿನವರ ವಿಡಿಯೊ. ನನಗೆ ಹೆದರಿಕೆ ಹತ್ತಿತು. ಅವಳ ಅಪ್ಪನನ್ನು ಶಾಲೆಗೆ ಕರೆಸಿ ನೋಟ್‌ಬುಕ್ ತೋರಿಸಿ, ಹೃದಯದ ತೊಂದರೆ ಇರಬಹುದು ಎಂದೆ. ಓಟದ ತಂಡದಿಂದ ಅವಳ ಹೆಸರು ತೆಗೆದೆ. ಅವರು ಹೊಗೆಸೊಪ್ಪು ಬೆಳೆಯುವವರು, ಸ್ವಂತ ಜಮೀನು, ಸೊಪ್ಪನ್ನು ಒಲೆಯ ಕಾವಿಗೆ ಹದಮಾಡುವ ಎರಡು ಬ್ಯಾರನ್. ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಇಸಿಜಿ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದರು. ಏನೂ ತೊಂದರೆ ಇಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಆ ಕಾಗದ ಹಿಡಿದು ಬಂದವರು ನನಗೆ ಕೈ ಮುಗಿದರು.

"ಆದ್ರೂ ಓಡೋದು ಬ್ಯಾಡ ಬುಡಿ ಮೇಡಂ. ನಿಮ್ಮ ಮಿಸಿನ್ನು ದಿನಾ ತೋರುಸ್ತದೆ, ಅವ್ರು ಒಂದಿನ ನೋಡವ್ರೆ. ಮನೇಲಿ ನಮ್ ಜೊತೆ ಇರ್ಲಿ."

ನಾನೂ ಒತ್ತಾಯ ಮಾಡಲಿಲ್ಲ. ಒಂದು ಜೀವ ಉಳಿಸಿದೆ ಎಂದೇ ಅಂದುಕೊಂಡಿದ್ದೆ. ಆಗಸ್ಟ್‌ನಲ್ಲಿ ಕ್ರೀಡಾಕೂಟ ಮುಗಿಯಿತು. ಮೂರು ಸಾವಿರ ಮೀಟರನ್ನು ಬೇರೆ ಶಾಲೆಯ ಹುಡುಗಿ ಗೆದ್ದಳು. ನಮ್ಮವಳ ಜೂನ್ ತಿಂಗಳ ಸಮಯಕ್ಕೆ ಆ ಗೆಲುವಿನ ಸಮಯ ಹತ್ತಿರವೂ ಬರುತ್ತಿರಲಿಲ್ಲ.

ಅದರ ಮುಂದಿನ ಭಾನುವಾರ ಪಿರಿಯಾಪಟ್ಟಣದ ಹತ್ತಿರ ಅಣ್ಣನ ಮನೆಗೆ ಹೋಗಿದ್ದೆ. ಆಳು ಬಂದಿರಲಿಲ್ಲ. ಅತ್ತಿಗೆಯ ಜೊತೆ ನಾನೂ ಹೊಗೆಸೊಪ್ಪು ಮುರಿಯಲು ಹೊಲಕ್ಕೆ ಇಳಿದೆ. ರಾತ್ರಿಯ ಮಳೆಗೆ ಎಲೆಗಳೆಲ್ಲ ನೆಂದಿದ್ದವು. ಮುರಿದ ಎಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ತೋಳು ತುಂಬಿದ ಮೇಲೆ ಬದುವಿನಲ್ಲಿ ಹಾಕಿ ಬರುವುದು ಇಲ್ಲಿಯ ರೂಢಿ. ಅತ್ತಿಗೆ ಮೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡಿದ್ದಳು. ನಾನು ಪೇಟೆಯ ಶೋಕಿಯಲ್ಲಿ ಬೇಡ ಅಂದಿದ್ದೆ. ಎರಡು ಗಂಟೆಯೊಳಗೆ ನನ್ನ ರವಿಕೆ ಎಲೆಯ ನೀರಿನಲ್ಲಿ ತೊಯ್ದು ಹೋಯಿತು. ತಲೆ ತಿರುಗಿ ಬದುವಿನ ಮೇಲೆ ಕುಕ್ಕರಿಸಿದೆ. ತಿಂದಿದ್ದ ಉಪ್ಪಿಟ್ಟೆಲ್ಲ ಹೊರಗೆ ಬಂತು.

"ಸೊಪ್ಪಿನ ಅಮಲು ಅತ್ಕಂಡದೆ ಕಣವ್ವ. ಉಟ್ಟಿದ್ದೇ ಈ ಸೊಪ್ಪಲ್ಲಿ, ಪ್ಯಾಟೆ ಸೇರಿ ಮರ್ತ್ಬುಟ್ಟಾ? ಮಜ್ಜಿಗೆ ಕುಡ್ದು ಮನೀಕೊ" ಎಂದು ಅತ್ತಿಗೆ ನಕ್ಕಳು.

ಮಲಗಲಿಲ್ಲ. ಮನೆಗೆ ಹೋಗಿ, ತೊಳೆಯಲೆಂದು ಬ್ಯಾಗಿನಲ್ಲಿ ತಂದಿದ್ದ ಎದೆಪಟ್ಟಿಯೊಂದನ್ನು ತೆಗೆದು ಕಟ್ಟಿಕೊಂಡೆ. ಗೋಡೆಗೆ ಒರಗಿ ಕೂತೇ ನೂರಾ ಹನ್ನೆರಡು. ಬಿಚ್ಚಿ ನೋಡಿದೆ. ಪಟ್ಟಿಯ ಕೊಕ್ಕೆಯ ಹತ್ತಿರ ನನ್ನ ಬೆರಳಿನ ಕಪ್ಪು ಅಂಟು. ಅವಳ ಪಟ್ಟಿಯಲ್ಲೂ ಇದ್ದದ್ದು ಅದೇ ಅಂಟು, ಅದೇ ಜಾಗ. ಅವಳೂ ಐದಕ್ಕೆ ಎದ್ದು ಅಪ್ಪನ ಹೊಲದಲ್ಲಿ ನೆಂದ ಸೊಪ್ಪು ಮುರಿದು ಏಳಕ್ಕೆ ಮೈದಾನಕ್ಕೆ ಬರುತ್ತಿದ್ದಿರಬೇಕು. ಈ ಕೊಳೆಯಲ್ಲೇ ಬೆಳೆದ ನಾನು ಅದಕ್ಕೇ ಬೈದಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ಸೋಮವಾರ ಸಂಜೆ ಅವಳ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕೂತು, ಬ್ಯಾರನ್ನಿನಲ್ಲಿ ತೂಗುಹಾಕಲು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಓಟ ಬಿಡಿಸಿದ ಮೇಲೆ ಬೆಳಿಗ್ಗೆಯ ಜೊತೆಗೆ ಸಂಜೆಯೂ ಅವಳಿಗೆ ಸೊಪ್ಪಿನ ಕೆಲಸವೇ. ಮುಖ ಬಿಳಿಚಿಕೊಂಡಿತ್ತು. ಅಪ್ಪ ಬ್ಯಾರನ್ನಿನ ಕಿಂಡಿಯ ಗಾಜಿನಲ್ಲಿ ಥರ್ಮಾಮೀಟರ್ ನೋಡುತ್ತಾ ನಿಂತಿದ್ದರು. ಅವರಿಗೆ ಎಲ್ಲ ಹೇಳಿದೆ, ಹೃದಯದ್ದಲ್ಲ, ನೆಂದ ಸೊಪ್ಪಿನ ವಿಷ ಚರ್ಮದೊಳಗೆ ಇಳಿದು ಬಡಿತ ಏರಿಸಿದ್ದು ಎಂದು. ಅಮಲು ಹತ್ತುತ್ತದೆಂದು ನೀವಾದರೂ ಹೇಳಬಾರದಿತ್ತೇ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ಅಮಲು ಎಲ್ರಿಗೂ ಅತ್ತದೆ ಮೇಡಂ, ಅದ್ನ ಕಾಯ್ಲೆ ಅಂತ ಯಾರು ಏಳ್ತಾರೆ? ನೀವು ಓದ್ದೋರು, ಎದೆ ಅಂದ್ರಿ, ನಂಬ್ದೊ" ಎಂದರು. ಮತ್ತೆ ಕಿಂಡಿಯ ಕಡೆ ತಿರುಗಿ, "ಬ್ಯಾರನ್ನಲ್ಲಿ ಮೀಟ್ರು ಏರುದ್ರೆ ನಾವು ಮೊದ್ಲು ಒಲೆ ನೋಡ್ತೀವಿ ಮೇಡಂ, ಸೊಪ್ಪ ತಗ್ದು ಆಚೆಗಾಕಲ್ಲ" ಎಂದರು. ನೆಂದ ಸೊಪ್ಪಿಗೆ ಇನ್ನು ಮಗಳನ್ನು ಕಳಿಸುವುದಿಲ್ಲ ಎಂದು ಮಾತ್ರ ಅವರು ಒಪ್ಪಿಕೊಂಡರು. ಅವಳು ಮುಂದಿನ ಕಡ್ಡಿ ಎತ್ತಿಕೊಂಡು ಸೊಪ್ಪು ಕಟ್ಟತೊಡಗಿದಳು.

ಅಕ್ಟೋಬರ್‌ನಲ್ಲಿ ಸೊಪ್ಪು ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳು ತಾನಾಗಿ ಮೈದಾನಕ್ಕೆ ಬಂದು ಹೊಂಗೆಮರದ ಕೆಳಗೆ ಕೂತಳು. ನಾನು ಪಟ್ಟಿ ಹಿಡಿದು ಹೋದೆ.

"ಅದು ಬ್ಯಾಡ ಮೇಡಂ" ಎಂದಳು. "ಅದು ಇನ್ನೇನೋ ಏಳ್ತದೆ, ನೀವು ನಂಬ್ತೀರ. ಬೇಕಾದ್ರೆ ಕೈ ಇಡ್ದು ನೋಡಿ."

ಪಟ್ಟಿಯನ್ನು ಜೇಬಿಗೆ ಹಾಕಿ ಅವಳ ಪಕ್ಕದಲ್ಲಿ ಕೂತೆ. ಅವಳು ಕೈ ಚಾಚಿದಳು. ಮೊದಲು ಅಂಗೈ ತಿರುಗಿಸಿ ಅಂಟು ಇದೆಯೇ ಎಂದು ನೋಡಿದೆ. ಆಮೇಲೆ ನಾಡಿಗೆ ಬೆರಳಿಟ್ಟು ಎಣಿಸತೊಡಗಿದೆ.