ಕಿವಿಗೆ ಹಾಕಿಕೊಳ್ಳದ ಅತ್ತೆ

ನಾನು ಹೇಳಿದ್ದನ್ನು ಅತ್ತೆ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಗಂಡನ ಮುಂದೆ ಎಷ್ಟು ಸಲ ದೂರಿದ್ದೇನೋ ಲೆಕ್ಕವಿಲ್ಲ. ಅಡುಗೆಮನೆಯಿಂದ ಕೂಗಿದರೆ ಉತ್ತರವಿಲ್ಲ. ಬಾಗಿಲಲ್ಲಿ ನಿಂತು ಕೇಳಿದರೆ ತಲೆ ಎತ್ತುವುದಿಲ್ಲ. ತಮ್ಮ ಮಗ ಕರೆದರೆ ಮಾತ್ರ "ಏನೋ?" ಎಂದು ತಟ್ಟನೆ ತಿರುಗುತ್ತಾರೆ. ನನ್ನ ಗಂಡ ಪ್ರಿಂಟಿಂಗ್ ಪ್ರೆಸ್ಸಿನವನು. ಯಂತ್ರಗಳ ಗದ್ದಲದಲ್ಲಿ ಕಿರುಚಿ ಕಿರುಚಿ ಅಭ್ಯಾಸವಾಗಿ, ಊಟಕ್ಕೆ ಉಪ್ಪು ಕೇಳಿದರೂ ಇಡೀ ಬೀದಿಗೆ ಗೊತ್ತಾಗುತ್ತದೆ. ಮಗನಿಗೊಂದು ನ್ಯಾಯ, ಸೊಸೆಗೊಂದು ನ್ಯಾಯ ಎಂದು ನನಗೆ ಮೈ ಉರಿಯುತ್ತಿತ್ತು.

ಅತ್ತೆಯದು ಮೋಟಾರು ಸುತ್ತುವ ಕೆಲಸ. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರಿನ ಪಂಪು ಎಲ್ಲ ನಮ್ಮ ಮುಂದಿನ ಕೋಣೆಗೆ ಬಂದು ಬೀಳುತ್ತವೆ. ಹಳೆಯ ತಂತಿಯನ್ನು ಕಿತ್ತು, ಕೂದಲೆಳೆಯಂಥ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿ, ವಾರ್ನಿಷ್ ಬಳಿದು ಒಣಗಿಸುತ್ತಾರೆ. ಕಲಿಸಿದವರು ಮಾವ. ಅವರು ತೀರಿಕೊಂಡ ಮೇಲೆ ಅಂಗಡಿ ಪೂರ್ತಿ ಅತ್ತೆಯ ಕೈಗೆ ಬಂತು. ಹೊಸಬರು ಯಾರಾದರೂ ಬಂದು "ಮೆಕ್ಯಾನಿಕ್ ಇಲ್ವಾ?" ಎಂದರೆ, "ಎದುರಿಗೇ ಕೂತಿದೀನಲ್ಲ, ಕಣ್ಣು ಕಾಣಲ್ವಾ?" ಎನ್ನುತ್ತಾರೆ. ಪರೀಕ್ಷೆಗೆಂದು ಒಂದಲ್ಲ ಒಂದು ಮೋಟಾರು ಸದಾ ಗುಂಯ್‌ಗುಡುತ್ತಿರುವ ಆ ಕೋಣೆಯಲ್ಲಿ ಯಾರಿಗೆ ಏನು ಕೇಳಿಸುತ್ತದೆ, ಯಾರಿಗೆ ಇಲ್ಲ ಎಂದು ತಿಳಿಯುವುದಾದರೂ ಹೇಗೆ? ತಪ್ಪು ನನ್ನದು ಎಂದು ಯಾರೂ ಹೇಳಬೇಡಿ.

ಅವರಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚಿನದು ನಮ್ಮೂರಿನ ಕಾಲೇಜಿನ ಗೋಪುರದಲ್ಲಿರುವ ಹಳೇ ದೂರದರ್ಶಕ. ಒಬ್ಬರ ತೆಕ್ಕೆಗೆ ಸಿಗದಷ್ಟು ದಪ್ಪನೆಯ ಕೊಳವೆ, ಅದರ ಬುಡದಲ್ಲಿ ದೊಡ್ಡ ಕನ್ನಡಿ. ಭೂಮಿ ತಿರುಗುತ್ತಲೇ ಇರುವುದರಿಂದ, ಹಿಡಿದ ನಕ್ಷತ್ರ ನೋಡನೋಡುತ್ತಲೇ ಜಾರಿಹೋಗುತ್ತದೆ. ಅದು ಜಾರದಂತೆ ಒಂದು ಪುಟ್ಟ ಮೋಟಾರು ತಿರುಪನ್ನು ತಿರುಗಿಸುತ್ತದೆ, ತಿರುಪು ದೊಡ್ಡ ಹಲ್ಲಿನ ಚಕ್ರವನ್ನು ನೂಕುತ್ತದೆ, ಇಡೀ ಕೊಳವೆ ಆಕಾಶದ ಜೊತೆ ಮೆಲ್ಲಗೆ ಸಾಗುತ್ತದೆ. ಕರೆಂಟಿನ ಮಿಡಿತ ಏರುಪೇರಾದರೆ ಈ ಮೋಟಾರಿನ ವೇಗವೂ ಏರುಪೇರು. ಅದಕ್ಕೇ ಗೋಡೆಗೂ ಮೋಟಾರಿಗೂ ನಡುವೆ, ಒಂದೇ ಸಮನೆ ಮಿಡಿಯುವ ಕರೆಂಟು ಕೊಡುವ ಪೆಟ್ಟಿಗೆಯೊಂದಿದೆ. ಪೆಟ್ಟಿಗೆ, ಮೋಟಾರು, ಚಕ್ರ ಮೂರನ್ನೂ ಮಾವನ ಕಾಲದಿಂದ ನೋಡಿಕೊಂಡು ಬಂದವರು ಅತ್ತೆಯೇ.

ಒಂದು ಸಲ ಅದು ಕೈಕೊಟ್ಟಿತು. ನಕ್ಷತ್ರ ಸ್ವಲ್ಪ ಹೊತ್ತು ನಿಂತು, ಆಮೇಲೆ ಚಂಗನೆ ಹಾರುತ್ತಿತ್ತು. ಅತ್ತೆ ಹೋಗಿ ಪೆಟ್ಟಿಗೆಯ ಕಂಡೆನ್ಸರು ಬದಲಿಸಿ, ಸರಿಹೋಯಿತು ಎಂದು ಬೀಗುತ್ತಾ ಬಂದರು. ಸರಿಹೋಗಿರಲಿಲ್ಲ. ದೂರದರ್ಶಕದ ಉಸ್ತುವಾರಿ ಹೊತ್ತ ಮೇಷ್ಟ್ರು ಮತ್ತೆ ಹೇಳಿಕಳಿಸಿದರು. ಅತ್ತೆಯ ಮಣಿಕಟ್ಟು ಉಳುಕಿತ್ತು, ಗಂಡನಿಗೆ ಎರಡನೇ ಪಾಳಿ. ಹತಾರಗಳ ಚೀಲ ಹೊರಲು ನಾನೇ ಹೊರಟೆ.

ಹೊರಟಿದ್ದಕ್ಕೆ ನನ್ನದೇ ಕಾರಣವೂ ಇತ್ತು. ನಾವಿಬ್ಬರೂ ಬೇರೆ ಮನೆ ನೋಡಿದ್ದೆವು. ಬೀಗದ ಕೈ ಸಿಕ್ಕಿತ್ತು, ಭಾನುವಾರ ಸಾಮಾನು ಸಾಗಿಸುವುದಿತ್ತು. ಅಮ್ಮನಿಗೆ ಹೇಳುವ ಧೈರ್ಯ ಗಂಡನಿಗಿರಲಿಲ್ಲ. ನಾನೇ ಹೇಳುತ್ತೇನೆ ಎಂದಿದ್ದೆ.

ಗೋಪುರದ ಕಿರಿದಾದ ಮೆಟ್ಟಿಲಲ್ಲಿ ಅತ್ತೆ ಮುಂದೆ, ನಾನು ಹಿಂದೆ. ಮುಖ ನೋಡದೆ ಹೇಳುವುದೇ ಸುಲಭ ಎನ್ನಿಸಿತು.

"ಅತ್ತೆ, ಭಾನುವಾರ ನಾವು ಬೇರೆ ಮನೆಗೆ ಹೋಗ್ತಿದೀವಿ."

ಅವರು ತುಟಿ ಪಿಟಕ್ಕೆನ್ನದೆ ಹತ್ತುತ್ತಲೇ ಇದ್ದರು. ಮಗ ಮನೆ ಬಿಟ್ಟು ಹೋಗುತ್ತಾನೆಂದರೂ ಒಂದು ಮಾತಿಲ್ಲ! ಚೀಲವನ್ನು ಅಲ್ಲೇ ಎಸೆದು ಇಳಿದುಬಿಡೋಣ ಎನ್ನಿಸುವಷ್ಟು ಸಿಟ್ಟು ಬಂತು.

ಮೇಲೆ ಮೇಷ್ಟ್ರು ಕಾಯುತ್ತಿದ್ದರು. ಅತ್ತೆಯ ಪಕ್ಕದಲ್ಲೇ ಇದ್ದವರು ಸುತ್ತು ಹಾಕಿ ಎದುರಿಗೆ ಬಂದು ನಿಂತು, ಆಮೇಲೆ ಮಾತಾಡಿದರು. ಇದೇನಪ್ಪಾ ಇಷ್ಟೊಂದು ಮರ್ಯಾದೆ ಎಂದುಕೊಂಡೆ. ಅತ್ತೆ ಮೊಣಕಾಲೂರಿ ಕೂತು ಮೋಟಾರು ಚಾಲೂ ಮಾಡಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರಿನ ಡಬ್ಬಿಗೆ ಒತ್ತಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು.

"ಮೋಟಾರು ಚೆನ್ನಾಗೇ ಇದೆ," ಎಂದರು ಕೊನೆಗೆ. "ತಿರುಪಿಗೆ ಏನೋ ಸಿಕ್ಕಿಕೊಂಡಿದೆ. ಸುತ್ತು ಸುತ್ತಿಗೂ ಟಕ್ ಅಂತಿದೆ. ಪೆಟ್ಟಿಗೇದು ಅಂತ ಸುಮ್ನೆ ಬಡಕೊಂಡೆ."

"ಅತ್ತೆ, ಬ್ರಷ್ ಕೊಡ್ಲಾ?" ಎಂದೆ ಹಿಂದಿನಿಂದ. ಉತ್ತರವಿಲ್ಲ. "ಅತ್ತೆ!" ಎಂದು ಗಟ್ಟಿಯಾಗಿ ಕೂಗಿದೆ. ಅದಕ್ಕೂ ಇಲ್ಲ. ಮೇಷ್ಟ್ರು ಅವರೆದುರಿನ ಗೋಡೆಯ ಮೇಲೆ ಟಾರ್ಚು ಮಿಟುಕಿಸಿದರು. ಅತ್ತೆ ತಕ್ಷಣ ತಿರುಗಿ, "ಏನೇ?" ಎಂದರು.

"ಹಿಂದಿನಿಂದ ಹೇಳಿದ್ರೆ ಅವರಿಗೆ ಕೇಳಲ್ಲಮ್ಮ," ಎಂದರು ಮೇಷ್ಟ್ರು ನನಗೆ. "ನಿಮಗೆ ಗೊತ್ತಿಲ್ವಾ?"

ನಾನು ಬ್ರಷ್ಷನ್ನು ಅತ್ತೆಯ ಕಣ್ಣೆದುರು ಹಿಡಿದೆ.

ಡಬ್ಬಿ ಬಿಚ್ಚಿದಾಗ ಹಳೇ ಗ್ರೀಸು ಅಂಟಿನಂತೆ ಗಟ್ಟಿಯಾಗಿತ್ತು, ಅದರೊಳಗೆ ಕಬ್ಬಿಣದ ಒಂದು ಚೂರು. ಅತ್ತೆಗೆ ಒಂದೇ ಕೈ ಆಡುತ್ತಿದ್ದರಿಂದ ಸೀಮೆಎಣ್ಣೆಯಲ್ಲಿ ಚಕ್ರದ ಹಲ್ಲು ಉಜ್ಜಿದವಳು ನಾನು. ಹೊಸ ಗ್ರೀಸು ಹಚ್ಚಿ, ತಿರುಪು ಬಿಗಿಯಾಗದಂತೆ, ಸಡಿಲವೂ ಆಗದಂತೆ ಅವರು ಕೂರಿಸಿದರು. ಅಷ್ಟರಲ್ಲಿ ಸಂಜೆಯ ಶುಕ್ರ ಕಾಣಿಸಿಕೊಂಡಿತ್ತು. ಮೇಷ್ಟ್ರು ಕೊಳವೆಯನ್ನು ಅತ್ತ ತಿರುಗಿಸಿ ನನಗೂ ತೋರಿಸಿದರು. ಪುಟ್ಟ ಅರ್ಧಚಂದ್ರನಂತಿತ್ತು, ನಡುವಿನಲ್ಲಿ ಅಲುಗಾಡದೆ ನಿಂತಿತ್ತು. ವಿದ್ಯಾರ್ಥಿಗಳನ್ನು ಕರೆತರುತ್ತೇನೆಂದು ಅವರು ಇಳಿದುಹೋದರು.

ನಾನು ಹೋಗಿ ಅತ್ತೆಯ ಎದುರಿಗೆ ನಿಂತೆ. "ಯಾವಾಗಿಂದ?"

"ನಿನ್ನ ಮದುವೆಗೂ ಮುಂಚಿನಿಂದ ಕಮ್ಮಿ ಆಗ್ತಾ ಬಂತು. ಹಲ್ಲಿಗೆ ಕೊಟ್ರೆ ಇನ್ನೂ ಕೇಳುತ್ತೆ."

"ಮೇಷ್ಟ್ರಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ! ಯಾಕೆ ಹೇಳಲಿಲ್ಲ?"

"ಮೇಷ್ಟ್ರು ನನ್ನನ್ನ ಮೂಲೇಲಿ ಕೂರಿಸಲ್ಲ ಕಣೇ. ನಮ್ಮತ್ತೆಗೆ ಕಿವಿ ಹೋದಾಗ, ಅವರಿಗೇನು ಕೇಳುತ್ತೆ ಬಿಡು ಅಂತ ಅವರ ಮುಂದೇನೇ ಎಲ್ಲಾ ಮಾತಾಡ್ತಿದ್ವಿ. ಆಮೇಲಾಮೇಲೆ ಅವರ ಜೊತೆ ಯಾರೂ ಮಾತೇ ಆಡ್ಲಿಲ್ಲ." ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. "ಅದಿರಲಿ, ಭಾನುವಾರ ಹೋಗ್ತೀರಲ್ಲ, ಆ ಮನೇಲಿ ನೀರು ಚೆನ್ನಾಗಿ ಬರುತ್ತಾ?"

ಮೆಟ್ಟಿಲಲ್ಲಿ ಹೇಳಿದ್ದು ಅವರಿಗೆ ಕೇಳಿಸಿರಲು ಸಾಧ್ಯವೇ ಇರಲಿಲ್ಲ.

"ಊಟಕ್ಕೆ ಕೂತಾಗ ಅವನಿಗೆ ಪಿಸುಗುಟ್ಟಿದೆಯಲ್ಲ, ನಾನು ಎದುರಿಗೇ ಇದ್ದೆ," ಎಂದರು. "ತುಟಿ ನೋಡೋರಿಗೆ ಪಿಸುಮಾತಾದ್ರೇನು, ಕೂಗಾದ್ರೇನು?"

"ಗೊತ್ತಿದ್ದೂ ಏನೂ ಅನ್ನಲಿಲ್ವಲ್ಲ ಅತ್ತೆ!"

"ಏನನ್ನಲಿ? ಈ ಮನೇಲಿ ನನಗೆ ಮಾತಾಡೋರೇ ಇಲ್ಲ, ಒಬ್ಬಳೇ ಇದ್ದ ಹಾಗಿದೆ ಅಂತ ನೀನೇ ಅವನಿಗೆ ಅಂದೆ. ನಿಜಾನೇ ಅಲ್ವಾ?"

ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ವರ್ಷ ಒಂದೇ ಸೂರಿನಡಿ ನನ್ನ ಹಾಗೆಯೇ ಇನ್ನೊಬ್ಬಳು ಒಂಟಿಯಾಗಿದ್ದಳು, ಬಾಯಿ ಬಿಟ್ಟು ಒಂದು ಮಾತು ಹೇಳಿರಲಿಲ್ಲ. ಅಳುತ್ತಲೇ ಅಲ್ಲೇ ಬೈದೆ. ಅತ್ತೆ ನನ್ನ ತುಟಿಯನ್ನೇ ನೋಡುತ್ತಾ ಪೂರ್ತಿ ಬೈಸಿಕೊಂಡು, "ಸ್ವಲ್ಪ ನಿಧಾನಕ್ಕೆ ಬೈಯೇ, ಅರ್ಧ ತಿಳೀಲಿಲ್ಲ," ಎಂದರು.

ಹೊಸ ಮನೆಯ ಬೀಗದ ಕೈಯನ್ನು ಮರುದಿನ ನನ್ನ ಗಂಡ ವಾಪಸು ಕೊಟ್ಟು ಬಂದ. ಜಗಳವೇನೂ ನಿಂತಿಲ್ಲ. ಎದುರಿಗೆ ನಿಂತು, ತುಟಿ ಕಾಣುವಂತೆ, ನಿಧಾನವಾಗಿ ಆಡುತ್ತೇವೆ.