ದೇವರ ಕರುವಿಗೆ ನಾನು ಹೇಳಿಕೊಟ್ಟ ಪಾಠ

ನಮ್ಮ ಜನರನ್ನು ಒಂದು ಮಾಡುವುದೂ ಕಪ್ಪೆಗಳನ್ನು ತಕ್ಕಡಿಗೆ ಹಾಕುವುದೂ ಒಂದೇ. ತಮಿಳುನಾಡಿನ ನಮ್ಮೂರು ಕೊಂಬೈಯ ಮೇಲುಬೀದಿ, ಕೆಳಬೀದಿ ಎರಡಕ್ಕೂ ಒಂದೇ ಕುಲ, ಒಂದೇ ದೇವರು, ಮನೆಯೊಳಗೆ ಒಂದೇ ಕನ್ನಡ. ಆದರೂ ಮೂರು ವರ್ಷದಿಂದ ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗಿರಲಿಲ್ಲ. ಕಾರಣ ಹೇಳುತ್ತೇನೆ, ನಗಬೇಡಿ: ಒಂದು ಹೋರಿ.

ದೇವರೆಂದೇ ನಾವು ಸಾಕುವ ದನದ ಮಂದೆಯೊಂದಿದೆ. ಅದರ ಹಾಲು ಕರೆಯುವುದಿಲ್ಲ, ಹೆಗಲಿಗೆ ನೊಗ ಇಡುವುದಿಲ್ಲ. ಮಂದೆಗೊಂದು ಪಟ್ಟದ ಹೋರಿ. ಅದು ಸತ್ತರೆ ಕಬ್ಬಿನ ಕಟ್ಟು ಇಟ್ಟು ಮಂದೆಯನ್ನು ಬಿಡುತ್ತೇವೆ. ಮೊದಲು ಬಂದು ಬಾಯಿ ಹಾಕಿದ ಹೋರಿಗರುವಿಗೇ ಪಟ್ಟ. ಆ ಕರುವನ್ನು ಹರಕೆ ಕೊಟ್ಟ ಬೀದಿಗೆ ಮೊದಲ ವೀಳ್ಯದ ಮರ್ಯಾದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವ ಜನ ನಾವು. ಹಳೆಯ ಹೋರಿ ಸತ್ತಾಗಿನಿಂದ ಪ್ರತಿ ವರ್ಷವೂ "ನೀವು ಕೂಗಿದ್ರಿ", "ನೀವು ಅದನ್ನ ತಳ್ಳಿದ್ರಿ" ಎಂದು ಕಿತ್ತಾಡಿ ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆವು.

ಅಪ್ಪ ಹೋದ ಮೇಲೆ ಕುಲದ ಯಜಮಾನಿಕೆಯ ಪರಿವಟ್ಟ, ಅದೇ ತಲೆಗೆ ಸುತ್ತುವ ರೇಷ್ಮೆ ಬಟ್ಟೆ, ನನ್ನ ಪಾಲಿಗೆ ಬಂತು. ತೇನಿ ಪೇಟೆಯಲ್ಲಿ ಗೊಬ್ಬರ ಮಾರುವವನಿಗೆ ಎಲ್ಲಿಯ ದೈವಬಲ? ಈ ಸಲವೂ ಪಟ್ಟ ಕಟ್ಟಲಾಗದಿದ್ದರೆ ಮಂದೆಯನ್ನೇ ಎರಡು ಪಾಲು ಮಾಡುವುದೆಂದು ಎರಡೂ ಬೀದಿಯವರು ಹಟ ಹಿಡಿದರು. ನನಗೆ ತಲೆ ಕೆಟ್ಟುಹೋಯಿತು. ನಮ್ಮ ಮೇಲುಬೀದಿ ಕೊಟ್ಟ ಕಪ್ಪು ಕರುವಿಗೆ, ಯಾರೂ ಇಲ್ಲದ ಹೊತ್ತು ನೋಡಿ, ಎಂಟು ದಿನ ಕಟ್ಟು ಇಡುವ ಜಾಗದಲ್ಲೇ ಬೆಲ್ಲ ಸವರಿದ ಕಬ್ಬು ತಿನ್ನಿಸಿದೆ. ಒಂದು ಸಲ ಕರು ನೆಟ್ಟಗೆ ಬಂದರೆ ಎಲ್ಲರೂ ಬಾಯಿ ಮುಚ್ಚುತ್ತಾರಲ್ಲ! ವೀಳ್ಯ ನಮಗೇ ಬರಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಹೆಂಡತಿಯ ಕೈಗೆ ಸಿಕ್ಕಿಬಿದ್ದೆ. "ಇದೇನು ಸಾಮಿಗೇ ಟ್ಯೂಷನ್ ಹೇಳ್ತಿದೀರಾ?" ಎಂದಳು.

"ಸುಮ್ನಿರು ತಾಯಿ. ಈ ಜನಗಳ ಹತ್ರ ಸಾಮಿಗೂ ಆಗಲ್ಲ."

ಮಂದೆ ಬಿಟ್ಟ ದಿನ ಕರು ಪಾಠ ಮರೆಯಲಿಲ್ಲ. ಮಂದೆಯಿಂದ ಸೀದಾ ಬಂದು ಕಬ್ಬಿಗೆ ಬಾಯಿ ಹಾಕಿತು. "ಸಾಮೀ!" ಎಂದು ಜನ ಕೈಮುಗಿದರು. ಕೆಳಬೀದಿಯ ಹಿರಿಯ ಮಾಮ, ಅಪ್ಪನ ಗೆಳೆಯರಾಗಿದ್ದೂ ಮೂರು ವರ್ಷ ನನ್ನ ಮುಖ ನೋಡದವರು, ಕರುವಿನ ಮುಂದೆ ಅಡ್ಡಬಿದ್ದು ಅತ್ತೇಬಿಟ್ಟರು. ಎದ್ದು ನನ್ನ ಕೈ ಹಿಡಿದು, "ವೀಳ್ಯ ನೀವೇ ತಗೊಳ್ರಪ್ಪಾ. ನಮ್ಮ ಹಟ ಇಲ್ಲಿಗೆ ತೀರ್ತು" ಎಂದರು.

ನನಗೆ ಬೇಕಾಗಿದ್ದು ಅದೇ. ಆದರೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎಲ್ಲಿಂದಲೋ ಧೈರ್ಯ ಬಂತು. ದೇವರ ಮೇಲೆ ಸಿಟ್ಟೂ ಬಂತು: ಕೊಡುವುದಾದರೆ ಈ ಧೈರ್ಯವನ್ನು ಎಂಟು ದಿನ ಮುಂಚೆ ಕೊಡಬಾರದಿತ್ತೇ?

"ಮಾಮಾ, ಇದು ಸಾಮಿ ಮಾತಲ್ಲ. ನಾನೇ ಎಂಟು ದಿನ ಬೆಲ್ಲದ ಕಬ್ಬು ತಿನ್ನಿಸಿ ಪಳಗಿಸಿದೆ."

ಕೆಳಬೀದಿಯವರು "ಕಳ್ಳ!" ಎಂದು ಮೇಲೆ ಬಿದ್ದರು. ನಮ್ಮವರು "ಬಾಯಿ ಮುಚ್ಚಿಕೊಂಡಿರೋಕೆ ನಿನಗೇನು ಕೇಡು?" ಎಂದು ಇನ್ನೂ ಜೋರಾಗಿ ಬೈದರು. ನಾನು ಪರಿವಟ್ಟ ಬಿಚ್ಚಿ ಮಾಮನ ಮುಂದೆ ಹಿಡಿದೆ.

ಅವರು ಅದನ್ನು ಮುಟ್ಟಲಿಲ್ಲ. ತಲೆ ತಗ್ಗಿಸಿ, "ಡೇಯ್, ನಮ್ಮ ಕೆಂಪು ಕರುವಿಗೆ ನಾನು ಹದಿನೈದು ದಿನ ತಿನ್ನಿಸಿದ್ದೆ. ಆದ್ರೂ ಅದು ಬರಲಿಲ್ಲ. ಅದಕ್ಕೇ ಇದು ಸತ್ಯವಾಗಿ ಸಾಮಿ ಮಾತು ಅಂತ ಅಡ್ಡಬಿದ್ದೆ" ಎಂದರು.

ಹದಿನೈದು ದಿನ ತಿಂದು ಆ ಕರುವಿಗೆ ಕಬ್ಬೆಂದರೆ ಬೇಸರ ಬಂದಿರಬೇಕು. ಹೆಂಗಸರ ಗುಂಪಿನಲ್ಲಿ ಮೊದಲು ನಕ್ಕವಳು ನನ್ನ ಹೆಂಡತಿಯೇ.

ಮುಂದಿನ ವಾರ ಮತ್ತೆ ಮಂದೆ ಬಿಡುವುದೆಂದು ಆಯಿತು. ಪಾಲಿನ ಮಾತು ಯಾರೂ ಎತ್ತಲಿಲ್ಲ. "ಪರಿವಟ್ಟ ನಿನ್ನ ಹತ್ರಾನೇ ಇರಲಿ. ಆದ್ರೆ ನಾವಿಬ್ಬರೂ ಮಂದೆ ಕೊಟ್ಟಿಗೆ ಕಡೆ ಸುಳೀಬಾರದು" ಎಂದರು ಮಾಮ. ಅಷ್ಟೂ ದಿನ ಎರಡೂ ಬೀದಿಯವರು ಕೊಟ್ಟಿಗೆಯ ಬಾಗಿಲಲ್ಲಿ ಒಂದೇ ಚಾಪೆಯ ಮೇಲೆ ಕೂತು, ಒಂದೇ ಪಾತ್ರೆಯ ಅನ್ನ ಉಂಡು, ನಾವಿಬ್ಬರೂ ಒಳಗೆ ನುಸುಳದಂತೆ ಕಾವಲು ಕಾದರು.