ಅರ್ಧ ತೊಟ್ಟಿಲು

ಹಚ್ಚೆ ಹುಯ್ಯುವಾಗ ಲಕ್ಕಮ್ಮ ಹಾಡುತ್ತಿದ್ದಳು. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುವ, ಜೀರುಂಡೆಯಂಥ ಹಾಡು. ಅರವತ್ತು ವರ್ಷದ ಮೇಲೆ ಆ ಸದ್ದು ಮತ್ತೆ ಕೇಳಿಸಿದ್ದು ಮೊನ್ನೆ ಹುಣಸೂರಿನಲ್ಲಿ, ನಾನು ಬಟ್ಟೆ ಹೊಲಿಸುವ ಟೈಲರ್ ಅಂಗಡಿಯ ಪಕ್ಕದ ಬಾಗಿಲಿನಿಂದ. ಇಣುಕಿದರೆ ಟ್ಯಾಟೂ ಮೆಷಿನ್ನು. ಅದನ್ನು ಹಿಡಿದು ಕೂತಿದ್ದವಳು ಹಾರನಹಳ್ಳಿಯ ಸುಮಾ ಎಂಬ ಹುಡುಗಿ.

ನಾನು ಹೋಗಿದ್ದು ಫುಲ್ ಸ್ಲೀವ್ ಬ್ಲೌಸ್ ಹೊಲಿಸಲು. ಎಂಥ ಸೆಕೆಯಲ್ಲೂ ನನ್ನದು ಫುಲ್ ಸ್ಲೀವೇ. ವೆರಿ ಡಿಗ್ನಿಫೈಡ್ ಲೇಡಿ ಎಂದು ಜನ ಅಂದುಕೊಂಡಿದ್ದಾರೆ, ನಾನೂ ಅಲ್ಲವೆಂದಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ತೋಳಿನೊಳಗೆ ಅರ್ಧ ತೊಟ್ಟಿಲಿದೆ.

ರಾವಂದೂರಿನ ಅಜ್ಜಿಯ ಮನೆಗೆ ಬೇಸಿಗೆ ರಜಕ್ಕೆ ಹೋದಾಗ ಆದದ್ದು. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ಅಜ್ಜಿಯ ವಾದ. ಒಂಬತ್ತು ವರ್ಷದವಳಿಗೆ ಆಗಲೇ ಲಗೇಜು ಕಟ್ಟಿಕೊಡುವ ಆತುರ. ಲಕ್ಕಮ್ಮ ಹುಯ್ಯುತ್ತಿದ್ದ ತೊಟ್ಟಿಲು ಅರ್ಧವಾಗುವಷ್ಟರಲ್ಲಿ ನಾನು ಕೈ ಕಿತ್ತುಕೊಂಡು ರಾಗಿ ಗುಡಾಣದ ಹಿಂದೆ ಅವಿತೆ. ಲಕ್ಕಮ್ಮನ ಹಾಡೂ ಅರ್ಧಕ್ಕೇ ನಿಂತಿತು.

ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಕೇಳಿದಾಗ ಬರ್ತ್‌ಮಾರ್ಕ್ ಎಂದೆ. ಏಪ್ರಿಲ್ಲಿನಲ್ಲಿ ಇಲ್ಲದ ಬರ್ತ್‌ಮಾರ್ಕ್ ಜೂನಿನಲ್ಲಿ ಹೇಗೆ ಬಂತು ಎಂದು ಅವರು ಕೇಳಿದ್ದು ನ್ಯಾಯವೇ. ಅಂದು ಶುರುವಾದದ್ದು ಈ ಉದ್ದ ತೋಳು.

ಸುಮಾ ಕುರ್ಚಿ ಕೊಟ್ಟು ತನ್ನ ಕತೆ ಹೇಳಿದಳು. ಮೊದಲು ಮದುವೆ ಮನೆಗಳಲ್ಲಿ ಮೆಹಂದಿ, ಆಮೇಲೆ ಪಾರ್ಲರ್ ಕೆಲಸ, ಆಮೇಲೆ ಮೈಸೂರಿಗೆ ಹೋಗಿ ಟ್ಯಾಟೂ ಕಲಿತದ್ದು. ಪ್ರಾಕ್ಟೀಸ್ ಎಲ್ಲ ಬಾಳೆಹಣ್ಣಿನ ಮೇಲೆ. ಸಿಪ್ಪೆಯಲ್ಲಿ ಹೂವು, ಹಕ್ಕಿ; ಒಳಗಿನ ಹಣ್ಣು ತಿಂದು ತಿಂದು ಅವಳಪ್ಪ ಬಾಳೆಗೊನೆ ಕಂಡರೆ ದಾರಿ ಬದಲಿಸುತ್ತಿದ್ದರಂತೆ. ಪ್ರೇಮಿಯ ಹೆಸರು ಬರೆಸಲು ಬಂದವರನ್ನು ಹದಿನೈದು ದಿನ ಬಿಟ್ಟು ಬನ್ನಿ ಎಂದು ಕಳಿಸುತ್ತಾಳೆ. ಅರ್ಧಕ್ಕರ್ಧ ಜನ ತಿರುಗಿ ಬರುವುದೇ ಇಲ್ಲವಂತೆ.

ಫೋನಿನಿಂದ ಇಳಿಸಿದ ಸಿಂಹ, ರೆಕ್ಕೆಗಳು ಅವಳಿಗೆ ಸಾಕಾಗಿದ್ದವು. ಹಾಗಾಗಿ ಭಾನುವಾರ ಸ್ಕೂಟರಿನಲ್ಲಿ ಹಳ್ಳಿ ಸುತ್ತಿ, ಅಜ್ಜಿಯರ ತೋಳು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಕಾಕನಕೋಟೆ ಕಡೆಯ ಒಬ್ಬಾಕೆಯ ಮೊಣಕೈ ಚೇಳು ಈಗಲೇ ಹರಿದು ಬಂದೀತು, ಹಾಗಿದೆ. ಒಂದು ಪುಟ ಮಾತ್ರ ಖಾಲಿ. ಮೇಲೆ ‘ರಾವಂದೂರು ತೊಟ್ಲು’ ಎಂದಿತ್ತು. ಅದಿದ್ದ ಕೊನೆಯ ಮುದುಕಿ, ಇವಳು ಹೋಗುವ ಹಿಂದಿನ ವಾರ ತೀರಿಕೊಂಡಿದ್ದಳಂತೆ.

ಸಮಾಧಾನಕ್ಕೆಂದು ಅಜ್ಜಿಯ ಮಾತು ಹೇಳಿದೆ, ಹಚ್ಚೆ ಜೊತೆಗೇ ಹೋಗುತ್ತದೆ ಎಂದು.

“ಅದೇ ಕಣಜ್ಜಿ ಕಷ್ಟ,” ಎಂದಳು. “ಜೊತೇಲೇ ಒಂಟೋಯ್ತದೆ. ನಮ್ಗೇನ್ ಉಳೀತದೆ?”

ನಾನು ತೋಳಿನ ಗುಂಡಿ ಬಿಚ್ಚಿದೆ.

ಅವಳು ಹಿಗ್ಗಿ, ಮಿಕ್ಕಿದ್ದು ಎಲ್ಲಿ ಎಂದಳು. ಮಿಕ್ಕಿದ್ದು ಗೊತ್ತಿಲ್ಲ, ಹಾಡು ಮಾತ್ರ ಪೂರ್ತಿ ಗೊತ್ತು, ಜೋಗುಳವೆಂದು ನನ್ನ ಮಕ್ಕಳಿಗೂ ಹಾಡಿದ್ದೇನೆ ಎಂದೆ. ಸ್ಕೂಲಿನ ಕ್ವಾಯರಿನಿಂದ ತೆಗೆದುಹಾಕಿದ ಗಂಟಲಿನಲ್ಲೇ ಹಾಡಿದೆ. ಎಡಗಾಲಿಗೆ ಮೂರು ಚುಕ್ಕಿ, ಬಲಗಾಲಿಗೆ ಮೂರು, ಹಗ್ಗಕ್ಕೆ ಏಳು. ಸುಮಾ ನನ್ನ ತೋಳಿನ ಮೇಲೆ ಬೆರಳಿಟ್ಟು ಎಣಿಸುತ್ತ ಬಂದವಳು ಹಗ್ಗದ ನಾಲ್ಕನೆಯ ಚುಕ್ಕಿಯಲ್ಲಿ ನಿಂತಳು. ನಾನು ಕೈ ಕಿತ್ತುಕೊಂಡ ಜಾಗ.

“ಇದು ಬರೀ ಪದ ಅಲ್ಲ ಕಣಜ್ಜಿ, ಚುಕ್ಕಿ ಲೆಕ್ಕ. ತಡೀರಿ, ಮೊದ್ಲಿಂದ ಯೇಳಿ.”

ಮೊದಲಿಂದ ಹೇಳಿದೆ. ಪುಟ ತುಂಬಿತು. ತೋಳಿನ ಮೇಲೂ ಮುಗಿಸಲೇ ಎಂದು ಕೇಳಿದಳು. ಪಕ್ಕದ ಟೈಲರನಿಗೆ ಕೇಳುವಂತೆ, ಹಾಫ್ ಸ್ಲೀವ್ ಸಾಕಪ್ಪಾ ಎಂದು ಕೂಗಿದೆ. ಅವನ ಕತ್ತರಿ ನಿಂತೇ ಹೋಯಿತು.

ಸೂಜಿ ತಾಗಿತು. ಕಣ್ಣು ಮುಚ್ಚಿದರೆ ಲಕ್ಕಮ್ಮ, ನಾನು ಕೊನೆಯ ಸಲ ಕಂಡಂತೆ. ಮರುವರ್ಷ ಮಿಕ್ಕಿದ್ದು ಮುಗಿಸಲೆಂದೇ ಬಂದಿದ್ದಳು. ನನಗೆ ಜ್ವರ ಎಂದು ಅಜ್ಜಿಯಿಂದ ಹೇಳಿಸಿ ನಾನು ಕಿಟಕಿಯ ಹಿಂದೆ ನಿಂತಿದ್ದೆ. ಅವಳು ಕಿಟಕಿಯ ಕಡೆಗೊಮ್ಮೆ ನೋಡಿ ಜಗಲಿಯ ಮೇಲೆ ಕೂತು, ನಿಲ್ಲಿಸಿದ್ದಲ್ಲಿಂದಲೇ ಹಾಡತೊಡಗಿದಳು. ಹುಯ್ಯಲು ತೋಳೇ ಇಲ್ಲ, ಇದ್ಯಾಕೆ ಹಾಡು ಎಂದು ಅಜ್ಜಿ ನಕ್ಕರು.

“ಕೈ ಕೊಡ್ನಿಲ್ಲ ಅಂದ್ರೆ ಕಿವಿಯಾರ ಕೊಡ್ಲಿ ಬುಡವ್ವ,” ಎಂದಳು ಲಕ್ಕಮ್ಮ.

ಹಾಡಿನ ಕೊನೆಯ ಸಾಲಿನಲ್ಲಿ ತೊಟ್ಟಿಲ ಮೇಲೆ ಗಿಣಿ ಕೂರುವವರೆಗೂ ಹಾಡಿ, ಬುಟ್ಟಿ ಎತ್ತಿಕೊಂಡು, ಬೇಲಿ ದಾಟಿ ಹೊರಟುಹೋದಳು.